ಒಂದು ಮೊಳ ದೀಪಸ್ತಂಭ

ಸೊಸೈಟಿಯ ಕ್ಯಾಲೆಂಡರಿಗೆ ಕಾಪುವಿನ ಲೈಟ್‌ಹೌಸು ಬೇಕು,
ಆದರೆ ಯಾರೂ ತೆಗೆಯದ ಹಾಗೆ, ಎಂದರು
ಸೆಕ್ರೆಟರಿ ಲಿಲ್ಲಿ ಮತಾಯಸ್, ಕನ್ನಡಕದ ಮೇಲಿಂದ ನೋಡಿ.
ಸಾವಿರದೈನೂರು ರೂಪಾಯಿ. ಪೆಟ್ರೋಲು ನನ್ನದೇ.

ಇಪ್ಪತ್ತೆರಡು ವರ್ಷ ನಾನು ತೆಗೆದದ್ದು ಪಾಸ್‌ಪೋರ್ಟ್ ಸೈಜು.
ಕಿವಿ ಎರಡೂ ಕಾಣಬೇಕು, ನಗಬಾರದು.
ಕಂಬಕ್ಕೆ ಕಿವಿಯಿಲ್ಲ, ನಗುವ ಅಭ್ಯಾಸವೂ ಇಲ್ಲ.
ಸುಲಭ ಎಂದುಕೊಂಡೆ.

ಮೊದಲ ದಿನ, ಬಂಡೆಯ ಗುಂಡಿಯ ನೀರಲ್ಲಿ
ತಲೆಕೆಳಗಾಗಿ ನಿಂತಿತ್ತು ಅದು, ಮೋಡ ತುಳಿದುಕೊಂಡು.
ಮೊಣಕಾಲೂರಿ, ಉಸಿರು ಹಿಡಿದು,
ಸಿಕ್ಕಿತು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು.
ತಿರುಗಿದರೆ ಕ್ಯೂ.
ನಾಲ್ಕು ಜನ, ಒಬ್ಬನ ಕೈಯಲ್ಲಿ ನನ್ನದಕ್ಕಿಂತ ಉದ್ದದ ಲೆನ್ಸು.
ಎದ್ದ ಮೇಲೆ ಕಂಡೆ:
ಮೊಣಕಾಲು ಊರುವಲ್ಲಿ ಕಲ್ಲು ಆಗಲೇ ನುಣ್ಣಗಾಗಿತ್ತು.

ಎರಡನೆಯ ದಿನ, ಚುರುಮುರಿಯ ಪೊಟ್ಟಣದ ತಳ ಹರಿದು
ಅದರೊಳಗಿಂದ ನೋಡಿದೆ.
ಸುತ್ತ ಹಳೆಯ ಪೇಪರಿನ ಶ್ರದ್ಧಾಂಜಲಿ, ಯಾರದೋ ಅರ್ಧ ಮೀಸೆ,
ನಡುವೆ ಕಪ್ಪು ಬಿಳಿ ಪಟ್ಟೆಯ ಕಂಬ.
ಕಲ್ಯಾಣಿಯಕ್ಕ ಈರುಳ್ಳಿ ಹೆಚ್ಚುತ್ತ ಅಂದಳು,
"ಹೋದ ವರ್ಷ ಒಬ್ಬ ಹುಡುಗ ಹೀಗೇ ಮಾಡಿದ.
ಅವ ನಾಲ್ಕು ಪೊಟ್ಟಣ ತೆಗೊಂಡಿದ್ದ."

ರಿಕ್ಷಾದ ಕನ್ನಡಿಯಲ್ಲಿ. ಹರಿದ ಬಲೆಯ ಕಣ್ಣಲ್ಲಿ.
ಒಣಗಲಿಟ್ಟ ನಂಗ್ ಮೀನಿನ ಸಾಲಿನಾಚೆ.
ಎಲ್ಲದರಲ್ಲೂ ಅದು ಅದೇ ಮುಖ ಮಾಡಿತು,
ಆಧಾರ್ ಕಾರ್ಡಿಗೆ ಕೂತವರ ಹಾಗೆ.

ಒಂದು ರಾತ್ರಿಯೂ ಹೋದೆ.
ಬೆಳಕು ಸುತ್ತಿ ಬಂತು, ಕಡಲ ಮೇಲೆ, ಮರಳ ಮೇಲೆ,
ನನ್ನ ಮೇಲೆಯೂ ಬಂದು ಹೋಯಿತು.
ಗುರುತು ಹಿಡಿಯಲಿಲ್ಲ.

ಆರನೆಯ ದಿನ ಬಣ್ಣದ ಕೆಲಸ ಶುರುವಾಗಿತ್ತು.
ದೂಮಪ್ಪಣ್ಣ ಹಗ್ಗದ ಹಲಗೆಯಲ್ಲಿ ಕೂತು, ಕಾಲು ಇಳಿಬಿಟ್ಟು,
ಕಪ್ಪು ಪಟ್ಟೆಗೆ ಕಪ್ಪು ಬಳಿಯುತ್ತಿದ್ದರು.
ಚಾಕ್ಕೆ ಇಳಿದಾಗ ಕೇಳಿದೆ,
ಅಲ್ಲಿಂದ ಹೇಗೆ ಕಾಣುತ್ತದೆ?
"ಎಂತ ಕಾಣುವುದು ಮಾರಾಯ್ರೆ, ಒಂದು ಮೊಳ ಗೋಡೆ.
ಅದು ಮುಗಿದರೆ ಇನ್ನೊಂದು ಮೊಳ."
ಪೂರ್ತಿ ನೋಡಲೇ ಇಲ್ಲವೆ?
ಯೋಚಿಸಿದರು. "ಮಗಳ ಮದುವೆ ಆಲ್ಬಮ್ಮಲ್ಲಿ ಉಂಟು. ಹಿಂದೆ."

ಬೈರಾಸಿನಲ್ಲಿ ಸುತ್ತಿ, ಬಣ್ಣದ ಬಕೆಟ್ಟಿನಲ್ಲಿಟ್ಟು
ಕ್ಯಾಮರಾ ಮೇಲೆ ಕಳಿಸಿದೆ.
ಇಪ್ಪತ್ತು ತಿಂಗಳ ಕಂತು ಗಾಳಿಯಲ್ಲಿ ತೂಗುತ್ತ ಏರಿತು.
ಕೆಳಗಿನಿಂದ ಕೂಗಿದೆ, ಬಲಗಡೆಯ ಗುಂಡಿ ಒತ್ತಿ!
ಗಾಳಿ ಅದರಲ್ಲಿ ಎಷ್ಟು ಕೊಂಡೊಯ್ದಿತೋ ಗೊತ್ತಿಲ್ಲ.

ಮೂರು ಫೋಟೋ ಬಂದವು.
ಒಂದು, ಅವರ ಹೆಬ್ಬೆರಳು.
ಇನ್ನೊಂದು, ಬಿರಿದ ಹಿಮ್ಮಡಿ ಎರಡು, ಅವುಗಳ ಕೆಳಗೆ ಇಡೀ ಅರಬ್ಬಿ ಸಮುದ್ರ,
ಯಾರೋ ಕಳಚಿಟ್ಟ ಲುಂಗಿಯ ಹಾಗೆ.
ಮೂರನೆಯದರಲ್ಲಿ ಬರೇ ಗೋಡೆ:
ಅರ್ಧ ಕಪ್ಪು, ಅರ್ಧ ಬಿಳಿ,
ನಡುವಿನ ಗೆರೆ ದಾಟಿ ಇಳಿದ ಒಂದೇ ಹನಿ
ಬಿಳಿಯ ಒಳಗೆ ಗೇಣು ದೂರ ಹೋಗಿ
ಅಲ್ಲಿ ನಿಂತುಬಿಟ್ಟಿದೆ.

ಲಿಲ್ಲಿ ಮತಾಯಸ್ ಅದನ್ನು ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು.
"ಒಳ್ಳೆದುಂಟು. ಲೈಟ್‌ಹೌಸು ಎಲ್ಲಿ?"
ಇದೇ, ಅಂದೆ. ದನಿಗೆ ನನ್ನ ಮೇಲೇ ನಂಬಿಕೆಯಿರಲಿಲ್ಲ,
ತೆಗೆದದ್ದು ನಾನಲ್ಲವಲ್ಲ.
ಗುಂಡಿಯ ನೀರಿನದ್ದು ಅಚ್ಚಾಯಿತು.
ಈಗ ಊರಿಡೀ ಗೋಡೆಗಳಲ್ಲಿ ತಲೆಕೆಳಗಾಗಿ ತೂಗುತ್ತಿದೆ.
ದೂಮಪ್ಪಣ್ಣನ ಮನೆಯಲ್ಲೂ,
ಹಾಲಿನ ಲೆಕ್ಕ ಅದರ ಮೇಲೆಯೇ ಬರೆಯುತ್ತಾರೆ.

ನನಗೆ ಉಳಿದದ್ದು ಲೆನ್ಸಿನ ಅಂಚಿಗೆ ಹತ್ತಿದ ಕಪ್ಪು.
ಸ್ಪಿರಿಟ್ಟಿಗೂ ಹೋಗಲಿಲ್ಲ.
ಸ್ಟುಡಿಯೋದಲ್ಲಿ ಕೂತವರ ಎಡ ಭುಜದ ಮೇಲೆ,
ಬಿಳಿಯ ಹಿನ್ನೆಲೆಯಲ್ಲಿ, ಒಂದು ಮಸುಕು ಬೀಳುತ್ತದೆ.
ಕಂಪ್ಯೂಟರಿನಲ್ಲಿ ಒರೆಸಿಬಿಡುತ್ತೇನೆ.
ಕೆಲವು ಸಲ ಒರೆಸುವುದಿಲ್ಲ.

ಇದುವರೆಗೆ ಯಾವ ಆಫೀಸೂ ವಾಪಸು ಕಳಿಸಿಲ್ಲ.